ಹುಣ್ಣಿಮೆಗೋ ಅಮಾವಾಸ್ಯೆಗೋ

ಹನೋಯಿಯಲ್ಲಿ ಮೊದಲ ದಿನ ಕಲಿತದ್ದು
ಒಂದೇ ಪದ: ಚಯ್.
ಮಾಂಸವಿಲ್ಲದ್ದು, ಮೀನಿಲ್ಲದ್ದು, ಬುದ್ಧನಿಗೆ ಒಪ್ಪುವಂಥದ್ದು.
ಹೋಟೆಲಿನ ಹುಡುಗ ಖೋಯ್ ಮೂರು ಸಲ ಹೇಳಿಕೊಟ್ಟ:
ದನಿ ಏರಿಸಬೇಡಿ, ಇಳಿಸಬೇಡಿ,
ತುಂಬಿದ ಲೋಟ ಹಿಡಿದು ನಡೆದ ಹಾಗೆ ಹೇಳಿ.

ನನಗೋ ಪ್ರಶ್ನೆಯ ಬಾಲ ಎತ್ತಿಯೇ ಅಭ್ಯಾಸ.
ಅನ್ನ, ಚಯ್? ಎಂದೆ, ಬೆಳ್ಳಿ ಬೀದಿಯ ಮೂಲೆಯಲ್ಲಿ.
ತಂದಿಟ್ಟರು:
ತಳ ಹತ್ತಿ ಕಂದಿದ ಅನ್ನದ ಬಿಲ್ಲೆ,
ಮೇಲೆ ಅರಳೆಯ ಹಾಗೆ ಎಳೆ ಎಳೆ ಹಂದಿಮಾಂಸ.

ದನಿ ಏರಿದರೆ ಅದೇ ಪದ, ಸೀದದ್ದು.
ಗಂಟಲಲ್ಲಿ ಕಡಿದರೆ, ಓಡು.
ಜಾರಿದರೆ ಒನಕೆ. ಬಳುಕಿದರೆ, ಹರಿ.
ಇಷ್ಟೂ ಖೋಯ್ ಹೇಳಿದ್ದು ರಾತ್ರಿ.
ಹಗಲಿಡೀ ನಾನು ಹಸಿದ ಹೊಟ್ಟೆಯಲ್ಲಿ
ಊರಿಗೆಲ್ಲ ಓಡು ಓಡು ಎನ್ನುತ್ತಾ ತಿರುಗಿದ್ದೆ.
ಊರು ಓಡುತ್ತಲೇ ಇತ್ತು, ಸ್ಕೂಟರಿನ ಮೇಲೆ,
ಕನ್ನಡಿ ಬೀರು, ಕುಂಡದ ಗಿಡ,
ನಿದ್ದೆಹೋದ ಮಗು ಸಮೇತ.

ನೋಡಬೇಕಾದ್ದೆಲ್ಲ ನೋಡಿದೆ.
ಕೆರೆ ನಡುವಿನ ಗುಡಿ, ಗಾಜಿನ ಪೆಟ್ಟಿಗೆಯಲ್ಲಿ
ಮಂಚದಷ್ಟು ದೊಡ್ಡ ಆಮೆ,
ರಾಜನಿಂದ ಕತ್ತಿ ವಾಪಸು ಪಡೆದ ಆಮೆಯ ಕುಲವಂತೆ.
ಗುಂಪು ಕತ್ತಿಯ ಕಥೆ ಕೇಳುತ್ತಿತ್ತು.
ನಾನು ಕಂಬಕ್ಕೊರಗಿ ಯೋಚಿಸಿದೆ,
ಇದು ಬದುಕಿಡೀ ಏನು ತಿಂದಿರಬಹುದು?
ಮನೆಗಳ ಕೆನ್ನೆ ಸವರಿ ರೈಲು ಹೋಗುವ ಓಣಿಯಲ್ಲಿ
ಎಲ್ಲರ ಕೈಯಲ್ಲೂ ನೊರೆ ಕಾಫಿ. ಮೊಟ್ಟೆಯ ನೊರೆ.
ಕಾಫಿಯನ್ನೂ ಬಿಡಲಿಲ್ಲ ಇವರು.

ಬರೀ ಸೊಪ್ಪು ಎಂದರೆ ಬರೀ ಸೊಪ್ಪೇ, ನಿಜ,
ಮೀನು ಕೊಳೆಹಾಕಿ ಬಸಿದ ಕಂದು ನೀರು ಮಾತ್ರ ಲೆಕ್ಕಕ್ಕಿಲ್ಲ.
ಸಿಟ್ಟು ಬರಲಿಲ್ಲ. ನಾನು ಹಾಲು ಬಿಟ್ಟ ವರ್ಷ
ನಮ್ಮತ್ತಿಗೆಯೂ ಹೀಗೇ ಬಡಿಸುತ್ತಿದ್ದರು:
ಏನೂ ಹಾಕಿಲ್ಲ ಕಣೇ, ಒಂದೇ ಚಮಚ ತುಪ್ಪ.

ಕೊನೆಗೆ ಖೋಯ್ ಚೀಟಿ ಬರೆದುಕೊಟ್ಟ.
ಮಾಂಸ ಬೇಡ, ಮೊಟ್ಟೆ ಬೇಡ, ಹಾಲು ಬೇಡ,
ಜೇನು ಬೇಡ, ಮೀನುನೀರು ಬೇಡ.
ಅದನ್ನು ಹಿಡಿದು ಬೀದಿ ಬೀದಿಯಲ್ಲಿ
ಬೇಡ ಬೇಡ ಎನ್ನುತ್ತಲೇ ಬೇಡಿದೆ.

ಮೂರನೆಯ ದಿನ ಓಣಿಯ ಬಾಯಲ್ಲಿ ನ್ಯಾನ್ ಅಜ್ಜಿ.
ಹೆಸರಿಗೆ ಬಿಡುವು ಎಂದರ್ಥವಂತೆ,
ಅವಳು ಕೂತದ್ದನ್ನೇ ನಾನು ಕಾಣೆ.
ನಿನ್ನೆಯವರೆಗೆ ಏಡಿಸಾರಿನ ಅಂಗಡಿ. ಇವತ್ತು
ಹಲಗೆ ತಿರುಗಿಸಿ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ, ಚಯ್.
ಯಾಕೆ ಎಂದು ಕೈತಿರುವಿ ಕೇಳಿದೆ.
ಸೌಟು ಎತ್ತಿ ಆಕಾಶ ತೋರಿಸಿದಳು.

ಹುಣ್ಣಿಮೆ!
ಹುಣ್ಣಿಮೆಗೋ ಅಮಾವಾಸ್ಯೆಗೋ ಸಿಕ್ಕರೆ ಸಿಕ್ಕೀತು ಎಂದು
ನಾವು ಬಾಯಿಮಾತಿಗೆ ಅನ್ನುತ್ತೇವಲ್ಲ,
ಇಲ್ಲಿ ಅದು ಕ್ಯಾಲೆಂಡರು.

ಟೊಮೆಟೊ ಸಾರು, ಅಕ್ಕಿ ಶಾವಿಗೆ,
ಹುರಿದ ತೋಫು, ಕೂದಲೆಳೆಯಂತೆ ಹೆಚ್ಚಿದ ಬಾಳೆಹೂವು.
ಗೊಂಬೆಮನೆಯದರಂಥ ನೀಲಿ ಸ್ಟೂಲಿನ ಮೇಲೆ
ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು
ಎರಡು ಬಟ್ಟಲು ಖಾಲಿ ಮಾಡಿದೆ.
ನಡುವೆ ಹಸಿಮೆಣಸಿನಕಾಯಿ ಕಚ್ಚಿಕೊಂಡೆ,
ಕೈ ತಾನಾಗಿ ಹೋಯಿತು, ಮನೆಯ ಚಾಳಿ.
ಅಜ್ಜಿ ಕಣ್ಣರಳಿಸಿದಳು. ಪಕ್ಕದ ಚಪ್ಪಲಿಯಂಗಡಿಯವನನ್ನು ಕರೆದು ತೋರಿಸಿದಳು.
ಅಷ್ಟು ಜನರೆದುರು ಮಾನ ಕಾಯಲು
ಇನ್ನೆರಡು ಕಚ್ಚಿದೆ.
ಅವಳು ನನ್ನ ಚೀಟಿ ಕೇಳಿ ಪಡೆದು, ಪೆನ್ನು ಎರವಲು ತಂದು,
ಕೆಳಗೆ ಒಂದು ಸಾಲು ಗೀಚಿದಳು.

ಮರುದಿನ ಅವಳ ಬೋಗುಣಿಯಲ್ಲಿ ಏಡಿಗಳು ಹರಿದಾಡುತ್ತಿದ್ದವು.
ನಕ್ಕು ಇನ್ನೊಂದು ಓಣಿಗೆ ದಾರಿ ತೋರಿದಳು.
ಆಮೇಲೆ ಎಲ್ಲಿ ಚೀಟಿ ಚಾಚಿದರೂ
ಮೊದಲು ಹುಬ್ಬುಗಂಟು, ಕೊನೆಯ ಸಾಲಿಗೆ ನಗು,
ಆಮೇಲೆ ಉರಿ. ಎಂಥ ಉರಿ!
ಕಣ್ಣು, ಮೂಗು, ಎಲ್ಲ ಹರಿದವು,
ದನಿ ಬಳುಕಿಸದೆಯೇ.

ಹೊರಡುವ ರಾತ್ರಿ ಖೋಯ್ ಓದಿ ಹೇಳಿದ.
ಇಷ್ಟು ಬೇಡಗಳ ಕೆಳಗೆ ಅಜ್ಜಿ ಬರೆದದ್ದು ಒಂದೇ ಬೇಕು:
ಹಸಿಮೆಣಸು ಬೇಕು ಇವಳಿಗೆ, ಕೈತುಂಬ ಹಾಕಿ.
ಹೊಡೆದುಹಾಕಲೇ, ಎಂದ ಪೆನ್ನಿನ ಮುಚ್ಚಳ ತೆಗೆದು.
ಮೂಗೊರೆಸಿಕೊಂಡೆ.
ಬೇಡ, ಎಂದೆ.