ಹೊಳ್ಳಿ ಹೆಂಗ ಬರ್ತದ?

ಏಪ್ರಿಲ್‌ನಾಗ ಸೇಡಂ ರಸ್ತೆಯ ನಮ್ಮ ಹಾಸ್ಟೆಲ್
ಗ್ವಾಡಿ ಮುಟ್ಟಿದ್ರ ಹಂಚು ಮುಟ್ಟಿದಂಗ.
ಹಳದಿ ಪೆನ್ನು ಹಿಡಕೊಂಡು ಗೆರಿ ಎಳಕೋತ ಕೂತಿದ್ದೆ.
ಪ್ರಾಣಿಶಾಸ್ತ್ರ, ನಾಲ್ಕನೇ ಸೆಮಿಸ್ಟರ್, ಹೃದಯದ ಪಾಠ.
ಎಳೆದೂ ಎಳೆದೂ ಪುಟವೆಲ್ಲ
ಅರಿಶಿಣ ಹೆಚ್ಚಾದ ಸಾರಿನಂಗ ಆಗಿತ್ತು.
ಎಲ್ಲಾ ಬರ್ತದ ಅನಿಸಿತ್ತು.
ಪುಸ್ತಕ ತೆರೆದಿದ್ರ ಯಾರಿಗೆ ಬರಲ್ಲ?

ಕರೆಂಟ್ ಹೋತು. ಕೂಲರ್ ಗೊರ್ ಅಂದು ಸುಮ್ಮನಾತು.
ಅಡಿಗಿಮನಿ ಹಿತ್ತಲಾಗ ಬೇವಿನ ನೆರಳದ ಅಂತ ಇಳದೆ.
ಅಲ್ಲಿ ಲಾಲಬಿ,
ಎಂಬತ್ತು ಹುಡುಗ್ಯಾರ ರೊಟ್ಟಿ,
ಬಳಿ ಮೊಣಕೈತನಕ ಸರಿಸಿ ಬಡೀಲಿಕ್ಕತ್ತಿದ್ದಳು.

“ಏನು ಓದ್ತಿ ಬೇಟಿ?”
“ಎದಿ. ರಕ್ತ ಹೆಂಗ ಓಡ್ತದ ಅಂತ.”
“ಪುಸ್ತಕ ಮುಚ್ಚಿ ಹೇಳು.
ತೆರೆದಿಟ್ರ ಅದು ಹೇಳ್ತದ, ನೀ ಅಲ್ಲ.”

ಹೇಳಿದೆ. ಬಲಗಡಿ ಮ್ಯಾಲಿನ ಕೋಣಿ,
ಅಲ್ಲಿಂದ ಕೆಳಗಿನ ಕೋಣಿ, ಅಲ್ಲಿಂದ ಪುಪ್ಪುಸ.
“ಹ್ಞೂಂ, ಹೋತು. ಹೊಳ್ಳಿ ಹೆಂಗ ಬರ್ತದ?”

ಹೊಳ್ಳಿ?
ಎಡಗಡಿ ಪುಟ, ಕೆಳಗ, ಒಂದು ಹಳದಿ ಗೆರಿ,
ಗೆರಿ ನೆನಪಾತು.
ಗೆರಿಯೊಳಗಿನ ಅಕ್ಷರ ಒಂದೂ ಇಲ್ಲ.
ಆಕಿ ನಗಲಿಲ್ಲ.
ನೀರು ಸವರಿ ರೊಟ್ಟಿ ಹೊಳ್ಳಿಸಿದಳು.

ಅವತ್ತಿನಿಂದ ದಿನಾ ಅಲ್ಲೇ, ಹಿಟ್ಟಿನ ಡಬ್ಬಿ ಮ್ಯಾಲ.
“ಎಲ್ಲಾ ಹಿಟ್ಟು ಒಮ್ಮೆಗೇ ಯಾಕ ನಾದಲ್ಲ?” ಕೇಳಿದೆ.
“ಜಿಗಿ ಹೋಗ್ತದ. ಎಂಥಾ ಮಾಲ್ದಂಡಿ ಜೋಳ ಇರಲಿ,
ಅಂಚಿಗಿ ಸೀಳ್ತದ.
ರೊಟ್ಟಿಗೊಂದು ಹಿಡಿ, ಬಿಸಿನೀರು, ಆಗಿಂದಾಗ.”
ಅಷ್ಟ. ಆಕಿ ಆಡಿದ್ದು ರೊಟ್ಟಿ ಮಾತು.
ನಾ ಮಾತ್ರ ಮ್ಯಾಲ ಹೋಗಿ
ಕೊನೀ ಮೂರು ರಾತ್ರಿಗೆ ಹನ್ನೊಂದು ಪಾಠ ಅಂತ
ಮೂರು ಬಣ್ಣದಾಗ ಬರದ ಟೈಂಟೇಬಲ್ ಹರದು
ಕಿಡಕಿ ಸಂದಿಗಿ ತುರುಕಿದೆ, ಬಿಸಿಗಾಳಿ ಬರದಂಗ.

ಸೋಮವಾರ ಎದಿ. ಬುಧವಾರ ಮತ್ತ ಎದಿ.
ಮುಂದಿನ ಸೋಮವಾರ ಮತ್ತ.
“ಅದನ್ನೇ ಎಷ್ಟು ಸಲ?” ಅಂದಳು ಚಿತ್ತಾಪುರದ ಸುಗಲಾ.
ಲಾಲಬಿ ತಲಿ ಎತ್ತಲಿಲ್ಲ:
“ನಿನ್ನಿ ಉಂಡಿಲ್ಲೇನು ನೀನು?”

ಒಂದಿನ ಮೊಬೈಲ್ ಟಿಣ್ ಅಂತು.
ಹಿಟ್ಟಿನ ಕೈಲೇ ಎತ್ತಿ ಬ್ಯಾಳಿ ಡಬ್ಬಿಗಿ ಹಾಕಿದಳು.
ಸಂಜಿತನಕ ತೊಗರಿಯೊಳಗ ಗುಂಯ್‌ಗುಟ್ಟಿತು,
ಯಾರೂ ಸಾಯಲಿಲ್ಲ.
ರಾತ್ರಿ ಹನ್ನೊಂದಕ್ಕ ನಮ್ಮ ಕೋಣಿ ಲೈಟ್ ಕಂಡ್ರ
ಕೆಳಗಿಂದ ಒದರ್ತಿದ್ದಳು:
“ಹಂಚು ಆರಿಸ್ರೇ, ಮುಂಜಾನಿ ಮತ್ತ ಕಾಯಬೇಕದ!”

ಮೂತ್ರಪಿಂಡ ಹೇಳಿದ ಮಂಗಳವಾರ
ನಡುವೇ ಗ್ಯಾಸ್ ಮುಗೀತು.
ಸಿಲಿಂಡರ್ ಕೇಳಲಿಕ್ಕ ಬಾಜೂ ಹಾಸ್ಟೆಲಿಗಿ ಓಡಿದಳು.
ಸೋಸೋದು ಮುಗಿದಿತ್ತು, ಹೀರೋದು ನಾಳಿ ಅಂದ್ವಿ.
ನಾಳಿ ಬ್ಯಾರೆ ಪಾಠ ಬಂತು.

ಪರೀಕ್ಷಾದಾಗ ಎದಿ ಎರಡು ಮಾರ್ಕಿಗಿ.
ಹತ್ತಕ್ಕ ಮೂತ್ರಪಿಂಡ.
ಸೋಸೋತನಕ ಪೆನ್ನು ನಿಲ್ಲಲಿಲ್ಲ,
ಟಪ್ ಟಪ್ ಅಂತ ಕಿವ್ಯಾಗ ತಾಳ.
ಆಮ್ಯಾಲ ಒಲಿ ಆರಿತು.
ಉಳಿದರ್ಧ ಪುಟ ಬೆಳ್ಳಗ ನನ್ನನ್ನೇ ನೋಡಿತು.

ಬಂದು ಹೇಳಿದೆ.
ಬಡಿಯೋ ಕೈ ನಿಂತಿತು.
“ಆ ಸಿಲಿಂಡರ್ ಇನ್ನರ್ಧ ತಾಸು ಉರೀಬೇಕಿತ್ತು” ಅಂದಳು,
ತಾನೇ ಫೇಲಾದಂಗ.
ಒಂದು ರೊಟ್ಟಿ ಕರಕಾತು. ತಗದು ಬಾಜೂಕಿಟ್ಟಳು.
ಕಾಲಿಲೇ ಡಬ್ಬಿ ನನ್ನ ಕಡಿ ತಳ್ಳಿದಳು.
“ಕೂಡು. ಉಳಿದದ್ದು ಹೇಳು.”

“ಪರೀಕ್ಷಾ ಮುಗೀತಲ್ಲ, ಲಾಲಬಿ?”

“ನಿಂದು ಮುಗೀತು.
ಸೋಸಿದ ನೀರು ಮಂಗಳವಾರದಿಂದ
ನನ್ನ ತಲ್ಯಾಗ ಹಂಗೇ ನಿಂತದ.
ಹೇಳು,
ಹೊಳ್ಳಿ ಹೆಂಗ ಬರ್ತದ?”