ಹಾಲುಹಲ್ಲು

ಪ್ರೋಬರ್ಟ್ ಡಾಕ್ಟರು ಮಂಡಿಯೂರಿ ಕೂತಿದ್ದಾರೆ
ನನ್ನ ಹಿತ್ತಿಲ ಹೇಜಲ್ ಪೊದೆಯ ಕೆಳಗೆ,
ಹಳೆಯ ಬಿಸಿನೀರ ಚೀಲವನ್ನೇ ಮೆತ್ತೆ ಮಾಡಿಕೊಂಡು.
ಜನವರಿ ಹನ್ನೊಂದು. ಟೀಮ್ ಹೊಳೆಯ ಮೇಲಿಂದ
ಒಣಹಾಕಿದ ಅಂಗಿಯನ್ನು ಹಲಗೆ ಮಾಡುವ ಗಾಳಿ.

ನಲವತ್ತು ವರ್ಷ ಊರಿನ ಬಾಯಿ ನೋಡಿದವರು.
ಕಟುಕ ಬೆವನ್‌ನ ದವಡೆ, ಪಾದ್ರಿಯ ಬಂಗಾರದ ಹಲ್ಲು,
ನನ್ನದೂ ಒಂದು: ಎಡಗಡೆ, ಹಿಂದಿನಿಂದ ಎರಡನೆಯದು.
ಕಿತ್ತ ದಿನ ನಾನು ಅತ್ತದ್ದನ್ನು
ಯಾರಿಗೂ ಹೇಳಲಿಲ್ಲ ಅವರು.
ಸಲಕರಣೆಯೆಲ್ಲ ಮಾರಿ ಉಳಿಸಿಕೊಂಡದ್ದು ಇದೊಂದೇ,
ಉದ್ದ ಹಿಡಿಯ, ನಾಣ್ಯದಗಲದ ಕನ್ನಡಿ.
ಹೂವಿನ ಕೆಳಗೆ ಅದನ್ನು ತೂರಿಸಿ
'ಎಲ್ಲಿ, ಆ ಅನ್ನು ನೋಡೋಣ' ಎನ್ನುತ್ತಾರೆ.

ಸ್ನೋಡ್ರಾಪ್ ತಲೆಯೆತ್ತುವ ಹೂವಲ್ಲ.
ನಾಚಿಕೆ ಅಂದಾರು, ತಿಳಿಯದವರು.
ಒಳಗಿನ ಪರಾಗ ನೆನೆಯಬಾರದು, ಅಷ್ಟೇ ವಿಷಯ;
ಕೊಡೆ ಎಲ್ಲಾದರೂ ಮೇಲೆ ನೋಡುವುದುಂಟೇ?
ಕನ್ನಡಿಯಲ್ಲಿ ಮಾತ್ರ ಕಾಣುತ್ತದೆ ಒಳಗಿನ ಗುಟ್ಟು:
ಮೂರು ಗಿಡ್ಡ ಎಸಳು, ತುದಿಗೆ ಹಸಿರು ಶಾಯಿ.
ಒಂದಕ್ಕೆ ಗುಬ್ಬಿಯ ಹೆಜ್ಜೆ. ಒಂದಕ್ಕೆ ಮೀಸೆ.
ಆಚೆ ಗೋಡೆಯ ಬುಡದ್ದಕ್ಕೆ ಏನೂ ಇಲ್ಲ,
ರುಜು ಹಾಕುವುದನ್ನೇ ಮರೆತ ಕಾಗದದ ಹಾಗೆ.
ಅದೇ ಎಲ್ಲಕ್ಕಿಂತ ದುಬಾರಿಯಂತೆ.

ಮೊದಲ ಬುಡ ಅವರೇ ಕೊಟ್ಟದ್ದು, ಒಂದು ಮಾರ್ಚಿಯಲ್ಲಿ,
ಒದ್ದೆ ಪೇಪರಿನಲ್ಲಿ ಸುತ್ತಿ.
'ಹೂ ಮುಗಿದಿರಬೇಕು, ಎಲೆ ಹಸಿರಿರಬೇಕು,
ಆಗಲೇ ಕಿತ್ತು ಆಗಲೇ ನೆಡಬೇಕು, ಮಿಸೆಸ್ ಗೆತಿನ್.
ಅಂಗಡಿಯ ಒಣಗೆಡ್ಡೆ ಮುನಿಸಿಕೊಂಡು ಏಳುವುದೇ ಇಲ್ಲ.'
ಎಲೆಗೊಬ್ಬರ ಒಂದು ಬೊಗಸೆ, ಬೆರಳುದ್ದದ ಗುಂಡಿ.
ಬೀಜ ಹೊರುವ ಕೆಲಸ ಇರುವೆಗಳದು;
ನಾನು ನೆಡದ ಜಾಗದಲ್ಲೂ,
ನೀರಿನ ಕೊಳವೆಯ ಪಕ್ಕ, ಕಲ್ಲಿನ ಸಂದಿಯಲ್ಲಿ,
ಈಗ ಇವುಗಳದೇ ಸಂಸಾರ.

ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು.
ಒಂಟಿ ಹೂವನ್ನು ಹೊಸಿಲು ದಾಟಿಸಬಾರದು,
ಕಾವಿಗಿಟ್ಟ ಮೊಟ್ಟೆ ಕೊಳೆತುಹೋಗುತ್ತದೆ ಎಂಬುದು ಅವಳ ಕಾನೂನು.
ಈಗ ಕೋಳಿಗಳಿಲ್ಲ. ಆದರೂ ಒಂಟಿ ಹೂವನ್ನು ನಾನು ತರುವುದಿಲ್ಲ.
ಏಳೆಂಟು ಕಿತ್ತು, ಮೊಟ್ಟೆ ತಿನ್ನುವ ಬಟ್ಟಲಿಗೆ ಹಾಕಿ,
ಒಲೆಯ ಮೇಲಿನ ಹಲಗೆಗೆ ಇಡುತ್ತೇನೆ.
ಬಿಸಿ ತಾಗಿದ್ದೇ ಹೊರಗಿನ ಎಸಳು ಮೂರೂ ರೆಕ್ಕೆಯಂತೆ ಅಗಲಿ
ಎಲ್ಲಿಂದಲೋ ಜೇನಿನ ವಾಸನೆ.
ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿತ್ತೋ.

ಜುಲೈಯಲ್ಲಿ ಅವರು ಗೆಡ್ಡೆಯನ್ನು ಕತ್ತರಿಸುತ್ತಾರೆ,
ಕಿತ್ತಳೆಯ ತೊಳೆಯಂತೆ ಹದಿನಾರು ಚೂರು,
ಚೀಲ ಕಟ್ಟಿ, ಕೋಟುಗಳ ಬೀರುವಿನೊಳಗೆ.
ಚೂರು ಹೂವಾಗಲು ಮೂರು ವರ್ಷ, ಕೆಲವೊಮ್ಮೆ ನಾಲ್ಕು.
ಅವರಿಗೀಗ ಎಂಬತ್ತಮೂರು.
ಲೆಕ್ಕ ಇಬ್ಬರಿಗೂ ಬರುತ್ತದೆ,
ಯಾರೂ ಮಾಡುವುದಿಲ್ಲ.

ಈ ಸಲ ನಾನೇ ಫೋನ್ ಮಾಡಿದೆ, ಕ್ರಿಸ್ಮಸ್‌ಗೆ ಎರಡು ದಿನ ಮುಂಚೆ:
'ಡಾಕ್ಟರೇ, ಮಣ್ಣಿನ ವಸಡು ಬಿರಿದಿದೆ,
ಹಾಲುಹಲ್ಲು ಕಾಣುತ್ತಿದೆ.'
ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ,
'ಮುಟ್ಟಬೇಡಿ, ಜ್ವರ ಬರಬಹುದು' ಎಂದು ನಕ್ಕರು.

ಇವತ್ತು ಅವರ ಕೈ ನಡುಗುತ್ತಿದೆ.
ಕನ್ನಡಿ ಕಾಂಡಕ್ಕೆ ತಾಗಿ ತಾಗಿ
ಹೂವು ಬೇಡ ಬೇಡವೆಂದು ತಲೆಯಾಡಿಸುತ್ತಿದೆ.
'ಕೊಡಿ ಇಲ್ಲಿ' ಎಂದೆ. ಒದ್ದೆ ಎಲೆಗಳ ಮೇಲೆ
ಹೊಟ್ಟೆ ಅಡಿ ಮಾಡಿ ಮಲಗಿದೆ, ಎಪ್ಪತ್ತೆರಡರ ಹೆಂಗಸು.
ಕನ್ನಡಿಯಲ್ಲಿ ಏನೂ ಇಲ್ಲ. ಬರೀ ಮಂಜು,
ನನ್ನದೇ ಉಸಿರು.

'ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು' ಎಂದರು.
'ನಿಮ್ಮ ಬಾಯಿಗೆ ಇಡುವ ಮುಂಚೆಯೂ
ಹಾಗೇ ಮಾಡುತ್ತಿದ್ದೆ.'

ನನಗೆ ಗೊತ್ತಿರಲಿಲ್ಲ.
ಆ ಕುರ್ಚಿಯಲ್ಲಿ ನಾನು
ಕಣ್ಣು ಮುಚ್ಚಿಯೇ ಇರುತ್ತಿದ್ದೆ.