ನಾಲ್ಕು ಬೆರಳು

ಮತ್ತೆ ಬಂದಿದ್ದರು ಟೀವಿಯವರು. ಇದು ಐದನೆಯ ಸಲ.
ಈ ಸಲದವರು ಒಳ್ಳೆಯವರು, ಬೂಟು ಬಾಗಿಲಲ್ಲೇ ಬಿಟ್ಟರು,
ಪೆನ್‌ಗಾರ್ತಿನ ತಗಡಿನ ಕಾರ್ಖಾನೆ ಮುಚ್ಚಿದ್ದು ಯಾವಾಗ ಎಂದು
ನಿಜಕ್ಕೂ ಬೇಕಿದ್ದವರ ಹಾಗೆ ಕೇಳಿದರು.

ಕಿಟಕಿಯ ಹತ್ತಿರ ನಿಲ್ಲಿ, ಮಿಸೆಸ್ ಪ್ರೋಬರ್ಟ್,
ಹೊರಗೆ ನೋಡಿ, ಮಾತು ಬೇಡ, ಅಂದರು.
ನಿಂತೆ. ಹೊರಗೆ ಪಕ್ಕದ ಮನೆಯ ಗ್ವಿಲಿಮ್
ಕಸದ ಡಬ್ಬಿ ಎಳೆಯುತ್ತಿದ್ದ.
ನಲವತ್ತೊಂದು ವರ್ಷದ ದುಃಖ ಅಂತ ನೀವು ನೋಡಿದ್ದು
ಈ ವಾರ ಹಸಿರು ಡಬ್ಬಿಯೋ ಕಪ್ಪು ಡಬ್ಬಿಯೋ
ಅನ್ನುವ ನನ್ನ ಯೋಚನೆ.
ಮೋಡ ಅಡ್ಡ ಬಂತಂತೆ. ಇನ್ನೊಮ್ಮೆ, ಅಂದರು.
ಇನ್ನೊಮ್ಮೆ ದುಃಖಿಸಿದೆ.

ಫೋಟೋ ಕೇಳಲಿಲ್ಲ. ಅದು ಅವರಲ್ಲೇ ಇದೆ,
ಎಲ್ಲರಲ್ಲೂ ಇದೆ, ಅದೇ ಒಂದು:
ಕಡಲ ದಂಡೆ, ಗಾಳಿಗೆ ಬಾಯಿಗೆ ಬಂದ ಕೂದಲು.
ಅದರಲ್ಲಿ ನಾನೂ ಇದ್ದೆ, ಅವಳ ಪಕ್ಕದಲ್ಲಿ.
ಕತ್ತರಿಸಿದ್ದಾರೆ.
ಅವಳ ಎಡ ಭುಜದ ಮೇಲೆ ನಾಲ್ಕು ಬೆರಳು ಮಾತ್ರ ಉಳಿದಿವೆ,
ಯಾರವೆಂದು ಈವರೆಗೆ ಯಾರೂ ಕೇಳಿಲ್ಲ.

ಅವನ ಹೆಸರು ನಾನು ಹೇಳುವುದಿಲ್ಲ.
ಲೀಡ್ಸಿನ ಪಬ್ಬೊಂದರ ಕ್ವಿಜ್ಜಿನಲ್ಲಿ ಅದಕ್ಕೆ ಎರಡು ಅಂಕ,
ನನ್ನ ಮೊಮ್ಮಗನೇ ಕೇಳಿಸಿಕೊಂಡು ಬಂದ.
ಅವನ ಬಾಲ್ಯಕ್ಕೆ ಹದಿನೆಂಟು ನಿಮಿಷ ಕೊಟ್ಟರು.
ಅವನಿಗೊಂದು ನಾಯಿ ಇತ್ತು, ನಾಯಿಗೂ ಹೆಸರಿತ್ತು.
ನನ್ನ ತಂಗಿಗೆ ಸಿಕ್ಕಿದ್ದು ಒಂದೇ ಪದ:
ನಗುಮುಖದವಳು.

ನಗುಮುಖವಂತೆ! ಎಯರ್ವೆನ್!
ಬೆಳಿಗ್ಗೆ ಹತ್ತರವರೆಗೆ ಅವಳನ್ನು ಮಾತಾಡಿಸಿದವರುಂಟೆ?
ಮೋಟಾರ್‌ಬೈಕು ಬೇಕೆಂದು ಅಪ್ಪನ ಜೊತೆ ಆರು ವಾರ ಮಾತು ಬಿಟ್ಟವಳು,
ನನಗೆ ಮೂರು ಪೌಂಡು ಕೊಡಬೇಕಾದವಳು,
ಆ ರಾತ್ರಿ ನನ್ನ ಕಂದು ಕೋಟನ್ನು
ಕೇಳದೆ ಹಾಕಿಕೊಂಡು ಹೋದವಳು.

ಟೀವಿಯಲ್ಲಿ ಆ ಕೋಟು ಕೆಂಪು.
ಕಂದು ಬಣ್ಣ ರಾತ್ರಿಯಲ್ಲಿ ಕಾಣುವುದಿಲ್ಲವಂತೆ.
ಅದು ನನಗೂ ಗೊತ್ತು.

ಅವಳಾಗಿ ನಟಿಸುವ ಹುಡುಗಿ ಸ್ವಾನ್ಸಿಯವಳು, ಮೆರೆರಿಡ್,
ಬಚ್ಚಲು ಎಲ್ಲಿ ಎಂದು ಕೇಳಿಕೊಂಡು ಒಳಗೆ ಬಂದಳು,
ಚಳಿಗೆ ತುಟಿ ನೀಲಿ. ಟೀ ಕೊಟ್ಟೆ.
ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು:
ಅವರು ಹೇಗೆ ನಗುತ್ತಿದ್ದರು?
ನಿನಗೆ ನಗುವ ದೃಶ್ಯ ಇದೆಯೇನಮ್ಮ?
ಇಲ್ಲ. ನಡೆಯೋದು, ತಿರುಗಿ ನೋಡೋದು, ಬೀಳೋದು. ಅಷ್ಟೆ.

ಪೊಲೀಸರು ಕೇಳಿರಲಿಲ್ಲ. ವಕೀಲರು ಕೇಳಿರಲಿಲ್ಲ.
ಪುಸ್ತಕ ಬರೆದವನೊಬ್ಬ ಅವಳ ಒಳಲಂಗದ ಅಳತೆ ಕೇಳಿದ್ದ,
ನಗು ಕೇಳಿರಲಿಲ್ಲ.
ನಾನು ಆ ನಗುವನ್ನು ನಕ್ಕು ತೋರಿಸಿದೆ,
ಅರ್ಧಕ್ಕೆ ಬಿಕ್ಕಳಿಕೆ ಬಂದು ಮುರಿಯುವ ನಗು,
ಹಳ್ಳಕ್ಕೆ ಚಕ್ರ ಬಿದ್ದ ಹಾಗೆ ಭುಜ ಒಮ್ಮೆ ಎಗರುವುದು.
ಎಪ್ಪತ್ತರ ಮುದುಕಿ, ನನ್ನ ಅಡುಗೆಮನೆಯಲ್ಲಿ,
ಮೈಕು ಆರಿಸಿದ್ದರು, ಪುಣ್ಯಕ್ಕೆ.

ಸೋಮವಾರ ರಾತ್ರಿ ಒಂಬತ್ತಕ್ಕೆ ಬಂತು.
ಬಸ್ಸು ತಪ್ಪುವುದು ನನಗೆ ಬಾಯಿಪಾಠ.
ಆದರೂ ಪ್ರತಿ ಸಲ ಸೋಫಾದ ತುದಿಗೆ ಬಂದು ಕೂರುತ್ತೇನೆ,
ಪೆದ್ದಿ,
ಡ್ರೈವರು ಕನ್ನಡಿಯಲ್ಲಿ ನೋಡಿಯಾನು, ನಿಲ್ಲಿಸಿಯಾನು ಎಂದು.

ಕೆಂಪು ಕೋಟು ನಡೆಯಿತು. ದಪ್ಪ ದನಿಯೊಬ್ಬ
ಅವಳಿಗೇನು ಗೊತ್ತಿರಲಿಲ್ಲ ಎಂಬುದನ್ನು ವಿವರಿಸುತ್ತಿದ್ದ.
ಆಗ, ಬೀದಿದೀಪದ ಕೆಳಗೆ, ಕೋಟಿನೊಳಗೆ
ಭುಜ ಒಮ್ಮೆ ಎಗರಿತು.
ಸದ್ದಿಲ್ಲ. ಯಾರೂ ಹೇಳಿಕೊಟ್ಟಿರಲಾರರು.
ನನ್ನ ನಾಲ್ಕು ಬೆರಳು ಸೋಫಾದ ಕೈಯನ್ನು ಹಿಡಿದವು.

ಬಸ್ಸು ತಪ್ಪಿತು.
ತಿರುವಿನಲ್ಲಿ ವ್ಯಾನಿನ ದೀಪ ಕಂಡಿತು, ಅಲ್ಲಿಗೆ
ಹಾಸಿಗೆಯ ಜಾಹೀರಾತು, ಅರ್ಧ ಬೆಲೆ, ಈ ವಾರ ಮಾತ್ರ.
ಆರಿಸಿದೆ.

ಬೆಳಿಗ್ಗೆ ಗ್ವಿಲಿಮ್ ಬೇಲಿಯಾಚೆಯಿಂದ ಕತ್ತು ಚಾಚಿದ:
ಪರದೆಗಳು ಚೆನ್ನಾಗಿ ಕಂಡವು, ಡಿಲಿಸ್.
ಹೊಸವು, ಅಂದೆ.
ಸ್ವಲ್ಪ ಹೊತ್ತು ನಿಂತ. ಆಮೇಲೆ,
ಈ ವಾರ ಕಪ್ಪು ಡಬ್ಬಿ, ಅಂದ.